ನಿರ್ಧರಿಸುವ "ನಾವು" ಯಾರು?

ಈ ಸಲದ ಯುಗಾದಿ ಊಟದ ಹೊತ್ತಿನಲ್ಲಿ, ಒಬ್ಬಟ್ಟಿಗೆ ತುಪ್ಪ ಸಾಕೋ ಇನ್ನೂ ಬೇಕೋ ಎಂಬ ಚರ್ಚೆ ನಡೆದಿದ್ದಾಗ, ನಮ್ಮ ಸಂಘದ ಹೈಸ್ಕೂಲು ಹುಡುಗನೊಬ್ಬ ತಟ್ಟೆ ಹಿಡಿದು ನಮ್ಮ ಪಕ್ಕದ ಕುರ್ಚಿಗೆ ಬಂದು ಕುಳಿತ. ಶಾಲೆಯಲ್ಲಿ ಮಕ್ಕಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ವಿಶ್ವಸಂಸ್ಥೆಯ ಅಣಕು ಸಭೆ ನಡೆಸುತ್ತಾರಲ್ಲ, ಅದರಲ್ಲಿ ಅವನ ಪಾಲಿಗೆ ಬಂದದ್ದು ಸೈಪ್ರಸ್.

"ಅಂಕಲ್, ಐವತ್ತರ ದಶಕದಲ್ಲಿ ಅಲ್ಲಿ ನೂರಕ್ಕೆ ಎಂಬತ್ತು ಜನ ಗ್ರೀಸಿಗೆ ಸೇರಬೇಕು ಅಂತ ಇದ್ದರು. ಬ್ರಿಟಿಷರು ಒಪ್ಪಲಿಲ್ಲ. ಒಪ್ಪಿಬಿಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲ ಅಲ್ವಾ? ಹೆಚ್ಚು ಜನ ಹೇಳಿದ್ದು ತಾನೇ ನಡೀಬೇಕು?" ಎಂದು ಕೇಳಿದ.

"ಹೌದಪ್ಪಾ, ಆದರೆ..." ಎಂದು ಶುರುಮಾಡಿದ ನಮಗೆ ಆ "ಆದರೆ"ಯ ಮುಂದೆ ಮಾತು ಹೊರಡಲಿಲ್ಲ. ಒಬ್ಬಟ್ಟಿನ ಕಡೆ ತಿರುಗಿದೆವು. ಮನೆಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಅವನ ಸಭೆ ಮುಗಿದುಹೋಗಿದೆ, ಆದರೆ ಪ್ರಶ್ನೆ ಅವನೊಬ್ಬನದಲ್ಲ ಎಂಬ ಕಾರಣಕ್ಕೆ ಓದುಗರೆಲ್ಲರ ಮುಂದೆ ಇಡುವ ಧೈರ್ಯ ಮಾಡಿದ್ದೇವೆ.

ಮೊದಲು ಊರು ಯಾವುದೆಂದು ತಿಳಿಯೋಣ. ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯ ದ್ವೀಪ. ವಿಸ್ತೀರ್ಣ ಸುಮಾರು 9,250 ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆಗಿಂತ ತುಸು ಚಿಕ್ಕದು. ತುರ್ಕಿಯ ಕರಾವಳಿ ಉತ್ತರಕ್ಕೆ ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿದ್ದರೆ, ಗ್ರೀಸಿನ ಮುಖ್ಯ ಭೂಮಿ ಅದರ ಹತ್ತು ಪಟ್ಟು ದೂರ. 1571ರಲ್ಲಿ ದ್ವೀಪ ಪೂರ್ತಿಯಾಗಿ ಆಟೊಮನ್ ತುರ್ಕರ ವಶವಾಯಿತು. 1878ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಬಂತು, 1925ರಲ್ಲಿ ಅದು ಅವರ ಅಧಿಕೃತ ವಸಾಹತಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಜನಸಂಖ್ಯೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಸ್ವಲ್ಪ ಕಡಿಮೆ ಗ್ರೀಕ್ ಮಾತಾಡುವ ಕ್ರೈಸ್ತರು, ನೂರಕ್ಕೆ ಹದಿನೆಂಟರಷ್ಟು ತುರ್ಕಿ ಮಾತಾಡುವ ಮುಸಲ್ಮಾನರು. ಜೊತೆಗೆ ಆರ್ಮೇನಿಯನ್, ಮ್ಯಾರೊನೈಟ್ ಮೊದಲಾದ ಸಣ್ಣ ಗುಂಪುಗಳು.

ಈ ಎರಡು ದೊಡ್ಡ ಸಮುದಾಯಗಳು ದ್ವೀಪದ ಎರಡು ತುದಿಗಳಲ್ಲಿ ಇರಲಿಲ್ಲ. ಊರೂರಲ್ಲೂ ಕಲೆತಿದ್ದರು. ಇದನ್ನು ನೆನಪಿಡಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಗ್ರೀಕರದೇ ಹಳ್ಳಿ, ತುರ್ಕರದೇ ಹಳ್ಳಿ, ಇಬ್ಬರೂ ಇದ್ದ ಹಳ್ಳಿ ಒಂದರ ಪಕ್ಕ ಒಂದಿದ್ದವು. ತುರ್ಕಿ ಸೈಪ್ರಿಯಟರು ಬಹುಸಂಖ್ಯಾತರಾಗಿದ್ದ ಜಿಲ್ಲೆ ಒಂದೂ ಇರಲಿಲ್ಲ. ಹಿಂದಿನ ಕಾಲದಲ್ಲಿ ಲಿನೊಬಾಂಬಕಿ ಎಂಬ ಜನರೂ ಅಲ್ಲಿದ್ದರು. ಆ ಮಾತಿನ ಅರ್ಥ ನಾರು-ಹತ್ತಿ, ಅಂದರೆ ಎರಡೂ ನೂಲು ಸೇರಿಸಿ ನೇಯ್ದ ಬಟ್ಟೆ. ಇವರು ಹೊರಗೆ ಮುಸಲ್ಮಾನರು, ಮನೆಯೊಳಗೆ ಕ್ರೈಸ್ತರು. ಬ್ರಿಟಿಷರ ಕಾಲದಲ್ಲಿ ಪ್ರತಿಯೊಬ್ಬರೂ ಯಾವುದಾದರೊಂದು ಪಟ್ಟಿಗೆ ಸೇರಬೇಕಾಗಿ ಬಂದು, ಕ್ರಮೇಣ ಒಬ್ಬೊಬ್ಬರು ಒಂದೊಂದು ಕಡೆ ಹೋಗಿ ಆ ಬಟ್ಟೆಯೇ ಇಲ್ಲವಾಯಿತು.

ಈಗ ಹುಡುಗನ ಪ್ರಶ್ನೆಗೆ ಬರೋಣ. 1950ರ ಜನವರಿಯಲ್ಲಿ ಅಲ್ಲಿನ ಆರ್ಥೊಡಾಕ್ಸ್ ಚರ್ಚು ತಾನೇ ಒಂದು ಜನಮತಗಣನೆ ನಡೆಸಿತು. ಗ್ರೀಸಿನೊಂದಿಗೆ ವಿಲೀನ, ಅವರ ಮಾತಿನಲ್ಲಿ "ಎನೋಸಿಸ್", ಬೇಕೆಂದು ಗ್ರೀಕ್ ಸೈಪ್ರಿಯಟರಲ್ಲಿ ನೂರಕ್ಕೆ ಸುಮಾರು 96 ಜನ ಚರ್ಚುಗಳಲ್ಲಿ ಬಹಿರಂಗವಾಗಿ ಸಹಿ ಹಾಕಿದರು. ಬ್ರಿಟಿಷ್ ಸರಕಾರ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1954ರಲ್ಲಿ ಅವರ ಕಿರಿಯ ಮಂತ್ರಿಯೊಬ್ಬರು ಪಾರ್ಲಿಮೆಂಟಿನಲ್ಲಿ, ಕೆಲವು ಪ್ರದೇಶಗಳು ಪೂರ್ಣ ಸ್ವಾತಂತ್ರ್ಯವನ್ನು ಎಂದೂ ನಿರೀಕ್ಷಿಸಲಾಗದು ಎಂಬರ್ಥದ ಮಾತಾಡಿದರು. ಸೂಯೆಜ್ ಕಾಲುವೆಯ ಹತ್ತಿರದ ಸೈನಿಕ ನೆಲೆ ಅವರಿಗೆ ಬೇಕಾಗಿತ್ತು. 1955ರ ಏಪ್ರಿಲ್ 1ರಂದು ಇಯೊಕಾ ಎಂಬ ಗುಪ್ತ ಸಂಘಟನೆ ಬಾಂಬು ಹಿಡಿಯಿತು. ಬ್ರಿಟಿಷರು ಅದನ್ನು ಹತ್ತಿಕ್ಕಲು ಹೆಚ್ಚುಹೆಚ್ಚಾಗಿ ತುರ್ಕಿ ಸೈಪ್ರಿಯಟರನ್ನೇ ಪೊಲೀಸಿಗೆ ಸೇರಿಸಿಕೊಂಡರು. ಸತ್ತ ಪೊಲೀಸಿನವನು ತುರ್ಕ, ಕೊಂದವನು ಗ್ರೀಕ ಎಂದಾದಾಗ ವಸಾಹತಿನ ವಿರುದ್ಧದ ಹೋರಾಟ ನೆರೆಹೊರೆಯ ಜಗಳವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಆ ಕಡೆಯೂ ಟಿಎಂಟಿ ಎಂಬ ಸಶಸ್ತ್ರ ಗುಂಪು ಹುಟ್ಟಿತು. ಅವರ ಘೋಷಣೆ "ತಕ್ಸಿಂ", ಅಂದರೆ ವಿಭಜನೆ. ನಮ್ಮ ಕಚೇರಿಗಳ "ತಕ್ಸೀಮು" ಎಂಬ ಹಳೆಯ ಪದ ಕೇಳಿದವರಿಗೆ ಇದು ಹೊಸದೇನಲ್ಲ, ಎರಡೂ ಒಂದೇ ಅರಬಿ ಮೂಲದ್ದು.

ವೈದ್ಯ ವೃತ್ತಿಯವರಾದ ನಮಗೆ ಇಲ್ಲಿ ಒಂದು ವಿಷಯ ತೋಚುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿಸುತ್ತೇವಷ್ಟೆ. ಹಾಸಿಗೆಯ ಸುತ್ತ ಹತ್ತು ಜನ ನೆಂಟರು ನಿಂತು, ಅವರಲ್ಲಿ ಎಂಟು ಜನ "ಕೊಯ್ಯಿರಿ ಡಾಕ್ಟರೇ" ಎಂದರೂ, ರೋಗಿಗೆ ಪ್ರಜ್ಞೆ ಇರುವಾಗ ಅವನ ಸಹಿ ಇಲ್ಲದೆ ಚಾಕು ಮುಟ್ಟುವಂತಿಲ್ಲ. ಕತ್ತರಿಸುವ ದೇಹ ಯಾರದೋ ಒಪ್ಪಿಗೆಯೂ ಅವರದೇ ಆಗಬೇಕು. ಮತ ಎಣಿಸುವುದು ಸುಲಭ. ಯಾರ ಮತ ಎಣಿಸಬೇಕೆಂಬ ಪ್ರಶ್ನೆ ಅದಕ್ಕೂ ಮುಂಚೆ ಬರುತ್ತದೆ, ಮತ್ತು ಆ ಪ್ರಶ್ನೆಯನ್ನು ಮತ ಹಾಕಿ ತೀರ್ಮಾನಿಸಲು ಬರುವುದಿಲ್ಲ.

ಗ್ರೀಕ್ ಸೈಪ್ರಿಯಟರು "ದ್ವೀಪವೆಲ್ಲ ಒಂದೇ ದೇಹ, ನಾವು ಹೆಚ್ಚು ಜನ, ನಮ್ಮ ಮಾತೇ ನಡೆಯಬೇಕು" ಎಂದರು. ತುರ್ಕಿ ಸೈಪ್ರಿಯಟರು "ಇಲ್ಲಿ ಎರಡು ದೇಹಗಳಿವೆ, ನಮ್ಮದನ್ನು ಬೇರೆಯಾಗಿ ಕೇಳಿ" ಎಂದರು. ಮೊದಲನೆಯವರ ಲೆಕ್ಕದಲ್ಲಿ ದೊಡ್ಡದೊಂದು ಮರೆವಿತ್ತು. ವಿಲೀನವಾದ ಮರುದಿನ ಅವರಿಗೆ ಹೆಚ್ಚೇನೂ ಕಳೆದುಹೋಗುತ್ತಿರಲಿಲ್ಲ. ಆದರೆ ತುರ್ಕಿ ನೆರೆಯವನು ಒಂದೇ ರಾತ್ರಿಯಲ್ಲಿ ದ್ವೀಪದ ನೂರಕ್ಕೆ ಹದಿನೆಂಟರವನಾಗಿದ್ದವನು ಗ್ರೀಸ್ ದೇಶದ ನೂರಕ್ಕೆ ಒಂದೆರಡರವನಾಗುತ್ತಿದ್ದ. ಹಾಗೆಂದು ಎರಡನೆಯವರ ವಾದವೂ ನಿಲ್ಲುವುದಿಲ್ಲ. ಅವರಿಗೆಂದು ಕೊಯ್ದು ಕೊಡಬಹುದಾದ ಭೂಮಿಯೇ ಎಲ್ಲೂ ಇರಲಿಲ್ಲ. ವಿಭಜನೆಯಾಗಬೇಕಾದರೆ ಮೊದಲು ಸಾವಿರಾರು ಸಂಸಾರಗಳನ್ನು ಎಬ್ಬಿಸಿ ಓಡಿಸಿ, ಆಮೇಲೆ ಉಳಿದವರನ್ನು "ನಿಮ್ಮ ಇಚ್ಛೆಯೇನು" ಎಂದು ಕೇಳಬೇಕು. ಓಡಿಸಿದ ಮೇಲೆ ಕೇಳುವ ಪ್ರಶ್ನೆಗೆ ಬೇಕಾದ ಉತ್ತರವೇ ಬರುತ್ತದೆ, ಅದರಲ್ಲಿ ಸೋಜಿಗವೇನಿಲ್ಲ.

ಕೊನೆಗೆ ಕೈಗೆ ಬಂದದ್ದು ಇಬ್ಬರೂ ಕೇಳದ ಮೂರನೆಯ ವಸ್ತು. 1959ರ ಫೆಬ್ರವರಿಯಲ್ಲಿ ಜೂರಿಕ್ ಮತ್ತು ಲಂಡನ್‌ಗಳಲ್ಲಿ ಗ್ರೀಸ್, ತುರ್ಕಿ, ಬ್ರಿಟನ್ ಕೂತು ಒಪ್ಪಂದ ಮಾಡಿದವು. ಆರ್ಚ್‌ಬಿಷಪ್ ಮಕಾರಿಯೋಸರನ್ನೂ ತುರ್ಕಿ ಸೈಪ್ರಿಯಟರ ನಾಯಕ ಫಾಜಿಲ್ ಕುಚುಕ್ ಅವರನ್ನೂ ಲಂಡನ್ನಿಗೆ ಕರೆಸಿ ಸಹಿ ಹಾಕಿಸಿದರು. ದ್ವೀಪದ ಜನರ ಮುಂದೆ ಅದನ್ನು ಮತಕ್ಕೆ ಇಡಲೇ ಇಲ್ಲ. 1960ರ ಆಗಸ್ಟ್ 16ರಂದು ಸ್ವಾತಂತ್ರ್ಯ. ಅಧ್ಯಕ್ಷ ಗ್ರೀಕ, ಉಪಾಧ್ಯಕ್ಷ ತುರ್ಕ, ಇಬ್ಬರಿಗೂ ವೀಟೋ. ಸಂಸತ್ತಿನ 50 ಸ್ಥಾನಗಳಲ್ಲಿ 35 ಮತ್ತು 15. ಸರಕಾರಿ ನೌಕರಿಯಲ್ಲಿ 70ಕ್ಕೆ 30, ಸೈನ್ಯದಲ್ಲಿ 60ಕ್ಕೆ 40. ತೆರಿಗೆಯ ಕಾನೂನಿಗೆ ಎರಡೂ ಗುಂಪಿನ ಸದಸ್ಯರ ಬೇರೆಬೇರೆ ಬಹುಮತ ಬೇಕು. ವಿಲೀನವೂ ನಿಷಿದ್ಧ, ವಿಭಜನೆಯೂ ನಿಷಿದ್ಧ. ಬ್ರಿಟಿಷರು ಎರಡು ಸೈನಿಕ ನೆಲೆಗಳಿಗೆಂದು ನೂರಕ್ಕೆ ಮೂರರಷ್ಟು ನೆಲವನ್ನು ತಮ್ಮ ಸಾರ್ವಭೌಮತ್ವದಲ್ಲೇ ಇಟ್ಟುಕೊಂಡರು.

ಆ ಸಂವಿಧಾನದ ಎರಡನೆಯ ವಿಧಿಯ ಪ್ರಕಾರ ಪ್ರತಿ ಪ್ರಜೆಯೂ ಗ್ರೀಕ್ ಸಮುದಾಯಕ್ಕೆ ಇಲ್ಲವೇ ತುರ್ಕಿ ಸಮುದಾಯಕ್ಕೆ ಸೇರಿರಲೇಬೇಕು. ಆರ್ಮೇನಿಯನ್ನರು, ಮ್ಯಾರೊನೈಟರು ಕೂಡ ಎರಡರಲ್ಲೊಂದನ್ನು ಆರಿಸಬೇಕಾಯಿತು. ಅವರು ಗ್ರೀಕ್ ಕಡೆ ಸೇರಿದರು. ಬರೀ ಸೈಪ್ರಸ್ಸಿನವನು ಎಂದು ಬರೆಸಲು ಜಾಗವೇ ಇರಲಿಲ್ಲ. ಬಾವುಟದಲ್ಲಿ ಯಾರ ಬಣ್ಣವೂ ಇರಬಾರದೆಂದು ಬಿಳಿಯ ಮೇಲೆ ತಾಮ್ರದ ಬಣ್ಣದ ನಕ್ಷೆ, ಎರಡು ಆಲಿವ್ ರೆಂಬೆ ಹಾಕಿದರು. ದೇಶವೇನೋ ಹುಟ್ಟಿತು, ಆದರೆ ಅದನ್ನು ತನ್ನದೆನ್ನುವ ಜನ ಹುಟ್ಟಲಿಲ್ಲ.

ಮೂರು ವರ್ಷ ನಡೆಯಿತು. ವೀಟೋಗಳಿಂದ ಆಡಳಿತ ಕುಂಟಿತೆಂಬುದು ನಿಜ. ಹದಿನೆಂಟು ಜನ ಎಂಬತ್ತು ಜನರ ಕೈ ಕಟ್ಟಬಹುದೇ ಎಂಬ ಗ್ರೀಕರ ದೂರು ಹುರುಳಿಲ್ಲದ್ದಲ್ಲ. 1963ರ ನವೆಂಬರಿನಲ್ಲಿ ಮಕಾರಿಯೋಸ್ 13 ತಿದ್ದುಪಡಿಗಳನ್ನು ಮುಂದಿಟ್ಟರು. ಎದುರಿನವರಿಗೆ ಅವು ತಮ್ಮ ರಕ್ಷೆಯನ್ನೇ ಕಿತ್ತುಕೊಳ್ಳುವಂತೆ ಕಂಡವು. ಡಿಸೆಂಬರ್ 21ರಿಂದ ರಕ್ತ ಹರಿಯಿತು. ರಾಜಧಾನಿ ನಿಕೋಸಿಯಾದಲ್ಲಿ ಕದನವಿರಾಮಕ್ಕೆಂದು ಬ್ರಿಟಿಷ್ ಜನರಲ್ ಒಬ್ಬರು ಹಸಿರು ಪೆನ್ಸಿಲಿನಲ್ಲಿ ನಕ್ಷೆಯ ಮೇಲೆ ಗೆರೆ ಎಳೆದರು. ಅದೇ ಇಂದಿಗೂ "ಹಸಿರು ಗೆರೆ". ಸುಮಾರು 25,000 ತುರ್ಕಿ ಸೈಪ್ರಿಯಟರು ಮನೆ ಬಿಟ್ಟು ಚಿಕ್ಕಚಿಕ್ಕ ಕೇರಿಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡರು.

ಈ ಕಥೆಯಲ್ಲಿ ನಮ್ಮವರೊಬ್ಬರು ಬರುವುದು ಇಲ್ಲಿ. 1964ರ ಮಾರ್ಚಿನಲ್ಲಿ ಮೂರು ತಿಂಗಳಿಗೆಂದು ಹೊರಟ ವಿಶ್ವಸಂಸ್ಥೆಯ ಶಾಂತಿಪಡೆಗೆ ಆ ವರ್ಷದ ಜುಲೈಯಿಂದ ದಂಡನಾಯಕರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಅವರು ಅದಕ್ಕೂ ಮುಂಚೆ, 1953-54ರಲ್ಲಿ, ಕೊರಿಯಾ ಯುದ್ಧದ ಸೆರೆಯಾಳುಗಳ ತಟಸ್ಥ ಆಯೋಗದ ಅಧ್ಯಕ್ಷರಾಗಿದ್ದರು. ತನ್ನ ದೇಶಕ್ಕೆ ಹಿಂತಿರುಗಲು ಒಲ್ಲೆನೆಂದ ಸೆರೆಯಾಳು ಎಲ್ಲಿಗೆ ಹೋಗಬಯಸುತ್ತಾನೆಂದು ಅವನನ್ನೇ ಕೇಳುವ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಆ ಆಯೋಗದ ಕೆಲಸ. ಮನುಷ್ಯನನ್ನು ಅವನ ಗುಂಪಿನಿಂದ ಬಿಡಿಸಿ ಒಬ್ಬನನ್ನಾಗಿ ನಿಲ್ಲಿಸಿ ಕೇಳುವುದು ಎಷ್ಟು ಕಷ್ಟವೆಂದು ಬಲ್ಲವರು ಸೈಪ್ರಸ್ಸಿಗೆ ಹೋದರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಅಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಸರಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಅವರು ಅಲ್ಲಿದ್ದಾಗಲೇ, 1965ರ ಏಪ್ರಿಲ್ 11ರಂದು, ನಿಕೋಸಿಯಾ-ಲಾರ್ನಕಾ ರಸ್ತೆಯಲ್ಲಿ ಒಂದು ಕಾರಿನೊಳಗೆ ಇಬ್ಬರು ಕಾರ್ಮಿಕ ಮುಖಂಡರು ಗುಂಡಿಗೆ ಬಲಿಯಾದರು. ಒಬ್ಬರು ತುರ್ಕಿ ಸೈಪ್ರಿಯಟ್ ದರ್ವಿಶ್ ಅಲಿ ಕವಾಜೋಗ್ಲು, ಇನ್ನೊಬ್ಬರು ಗ್ರೀಕ್ ಸೈಪ್ರಿಯಟ್ ಕೋಸ್ತಾಸ್ ಮಿಶಾವುಲಿಸ್. ಇಬ್ಬರೂ ಕೂಡಿ ಬಾಳಬೇಕೆಂದು ಹೇಳುತ್ತಿದ್ದುದೇ ಅವರ ಅಪರಾಧ. ಸ್ವನಿರ್ಣಯದ ಹೆಸರಿನಲ್ಲಿ ಎದ್ದ ಗುಂಪುಗಳು ಮೊದಮೊದಲು ಸುಮ್ಮನಾಗಿಸುವುದು ತಮ್ಮವರೊಳಗೆ ಬೇರೆ ನಿರ್ಣಯ ಮಾಡಿದವನನ್ನು. ಓದುಗರು ಇದನ್ನು ಯಾವ ದೇಶದ ಚರಿತ್ರೆಗೆ ಬೇಕಾದರೂ ಹಚ್ಚಿ ನೋಡಬಹುದು.

ಉಳಿದದ್ದು ಹೆಚ್ಚಿನವರಿಗೆ ಗೊತ್ತಿರುವುದೇ. 1974ರ ಜುಲೈ 15ರಂದು ಗ್ರೀಸಿನ ಸೈನಿಕ ಸರಕಾರ ವಿಲೀನವಾದಿಗಳನ್ನು ಮುಂದಿಟ್ಟುಕೊಂಡು ಮಕಾರಿಯೋಸರನ್ನು ಉರುಳಿಸಿತು. ಐದನೆಯ ದಿನ, ಜುಲೈ 20ರಂದು, ತುರ್ಕಿಯ ಸೈನ್ಯ ಬಂದಿಳಿಯಿತು. ಆಗಸ್ಟಿನ ಎರಡನೆಯ ದಾಳಿ ಮುಗಿದಾಗ ದ್ವೀಪದ ಮೂರನೆಯ ಒಂದು ಪಾಲಿಗೂ ಹೆಚ್ಚು ನೆಲ ಅದರ ಕೈಯಲ್ಲಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿಬಂದರು, ಹತ್ತಾರು ಸಾವಿರ ತುರ್ಕಿ ಸೈಪ್ರಿಯಟರು ಉತ್ತರಕ್ಕೆ ಹೋದರು. ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ಮನೆ ಬಿಡುವುದು ಎಂದರೇನೆಂದು 1947ನ್ನು ಕಂಡ ದೇಶದಿಂದ ಬಂದ ನಮಗೆ ವಿವರಿಸಬೇಕಾಗಿಲ್ಲ. 1983ರ ನವೆಂಬರ್ 15ರಂದು ಉತ್ತರ ಭಾಗ ಸ್ವತಂತ್ರ ರಾಜ್ಯವೆಂದು ಸಾರಿಕೊಂಡಿತು. ತುರ್ಕಿಯೊಂದನ್ನು ಬಿಟ್ಟು ಯಾರೂ ಮಾನ್ಯ ಮಾಡಲಿಲ್ಲ. ಮೂರು ತಿಂಗಳಿಗೆಂದು ಹೋದ ಶಾಂತಿಪಡೆ ಅರವತ್ತು ವರ್ಷ ತುಂಬಿದಾಗಲೂ ಅಲ್ಲಿಯೇ ಇತ್ತು.

2004ರ ಏಪ್ರಿಲ್ 24ರಂದು ಮೊಟ್ಟಮೊದಲ ಬಾರಿಗೆ ಎರಡೂ ಸಮುದಾಯಗಳಿಗೆ ಒಂದೇ ದಿನ, ಒಂದೇ ಪ್ರಶ್ನೆಯನ್ನು, ಬೇರೆಬೇರೆಯಾಗಿ ಕೇಳಲಾಯಿತು: ಕೋಫಿ ಅನ್ನಾನರ ಯೋಜನೆಯಂತೆ ಒಕ್ಕೂಟವಾಗಿ ಮತ್ತೆ ಒಂದಾಗುತ್ತೀರಾ? ತುರ್ಕಿ ಸೈಪ್ರಿಯಟರಲ್ಲಿ ನೂರಕ್ಕೆ 65 ಜನ ಹೌದೆಂದರು. ಗ್ರೀಕ್ ಸೈಪ್ರಿಯಟರಲ್ಲಿ 76 ಜನ ಬೇಡವೆಂದರು. ತುರ್ಕಿಯ ಸೈನಿಕರು ಉಳಿಯುತ್ತಾರೆ, ಬಿಟ್ಟುಬಂದ ಮನೆ ಪೂರ್ತಿ ಸಿಗುವುದಿಲ್ಲ ಎಂಬುದು ಅವರ ಅಂಜಿಕೆ. ಅದು ಸುಳ್ಳು ಅಂಜಿಕೆಯಲ್ಲ. ಒಂದು ವಾರಕ್ಕೆ ಸರಿಯಾಗಿ ಮೇ 1ರಂದು ಸೈಪ್ರಸ್ ಯುರೋಪಿಯನ್ ಒಕ್ಕೂಟಕ್ಕೆ ಸೇರಿತು. ಉತ್ತರ ಭಾಗದಲ್ಲಿ ಮಾತ್ರ ಒಕ್ಕೂಟದ ಕಾನೂನು ಜಾರಿಗೆ ಬರಲಿಲ್ಲ. ಹೌದೆಂದವರು ಹೊರಗೆ ಉಳಿದರು, ಬೇಡವೆಂದವರು ಒಳಗೆ ಹೋದರು. ಒಪ್ಪಿಗೆಯನ್ನು ಸರಿಯಾದ ರೀತಿಯಲ್ಲಿ ಕೇಳಿದರೂ ನ್ಯಾಯ ತಾನಾಗಿ ಬರುವುದಿಲ್ಲ ಎಂಬ ಪಾಠವನ್ನು ನಮ್ಮ ಒಪ್ಪಿಗೆಯ ಕಾಗದದ ಹೋಲಿಕೆ ಕಲಿಯಬೇಕಾಯಿತು.

ಹಾಗಾದರೆ ದಾರಿಯೇನು? ನಮಗೆ ಎರಡು ಸಂಗತಿಗಳು ಕಣ್ಣಿಗೆ ಬಿದ್ದಿವೆ. ಮೊದಲನೆಯದು ಚರಂಡಿ. ನಿಕೋಸಿಯಾ ನಗರವನ್ನು ಗೆರೆ ಎಳೆದು ಎರಡು ಮಾಡಿದರೂ ಕೊಳಚೆ ನೀರು ಇಳಿಜಾರಿನ ಕಡೆಗೇ ಹರಿಯುತ್ತದೆ. 1970ರ ದಶಕದ ಕೊನೆಯಲ್ಲಿ, ಯುದ್ಧದ ಗಾಯ ಹಸಿಯಾಗಿದ್ದಾಗಲೇ, ದಕ್ಷಿಣದ ಮೇಯರ್ ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತು ಉತ್ತರದ ಮುಸ್ತಫಾ ಅಕಿಂಜಿ ಕೂತು ಮಾತಾಡಿ ಇಡೀ ನಗರಕ್ಕೆ ಒಂದೇ ಒಳಚರಂಡಿ ಎಂದು ಒಪ್ಪಿಕೊಂಡರು. ಎರಡು ಕಡೆಯ ಕೊಳಚೆಯೂ ಉತ್ತರದಲ್ಲಿರುವ ಒಂದೇ ಶುದ್ಧೀಕರಣ ಕೇಂದ್ರಕ್ಕೆ ಹೋಗುವಂತಾಯಿತು. ಕಾಲರಾ, ಟೈಫಾಯಿಡ್ ಪಾಸ್‌ಪೋರ್ಟು ಕೇಳುವುದಿಲ್ಲವೆಂದು ನಾವು ವೈದ್ಯರು ಹೇಳುತ್ತಲೇ ಇರುತ್ತೇವೆ. ಅವರು ಅದನ್ನು ಮಾಡಿ ತೋರಿಸಿದರು.

ಎರಡನೆಯದು ಎಲುಬು. 1963-64ರಲ್ಲಿ ಮತ್ತು 1974ರಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು. 1981ರಲ್ಲಿ ಇವರಿಗಾಗಿ ಒಂದು ಜಂಟಿ ಸಮಿತಿಯಾಯಿತು. 2006ರಿಂದ ಅಗೆತದ ಕೆಲಸ ನಡೆದಿದೆ. ಎರಡೂ ಸಮುದಾಯಗಳ ತರುಣ ವಿಜ್ಞಾನಿಗಳು ಒಂದೇ ಪ್ರಯೋಗಾಲಯದ ಮೇಜಿನ ಮೇಲೆ ಎಲುಬುಗಳನ್ನು ಜೋಡಿಸಿ, ಡಿಎನ್‌ಎ ಪರೀಕ್ಷೆಯ ನೆರವಿನಿಂದ ಗುರುತಿಸಿ, ಒಂದು ಸಾವಿರಕ್ಕೂ ಹೆಚ್ಚು ಜನರನ್ನು ಅವರವರ ಮನೆಯವರಿಗೆ ಒಪ್ಪಿಸಿದ್ದಾರೆ. ಮೇಜಿನ ಮೇಲಿನ ತೊಡೆಯ ಎಲುಬು ಯಾವ ಭಾಷೆ ಆಡುತ್ತಿತ್ತೆಂದು ನೋಡಿ ಹೇಳುವ ವಿದ್ಯೆ ನಮ್ಮ ಶಾಸ್ತ್ರದಲ್ಲಿಲ್ಲ. ಆದರೆ ಆ ಸಮಿತಿಗೆ ಒಂದು ಕಟ್ಟುಪಾಡಿದೆ. ಸಾವಿನ ಕಾರಣ ಹೇಳುವಂತಿಲ್ಲ, ಕೊಂದವರು ಯಾರೆಂದೂ ಹೇಳುವಂತಿಲ್ಲ. ಹಾಗೆಂದರೆ ಮಾತ್ರ ಹೂತ ಜಾಗ ಬಲ್ಲ ಮುದುಕರು ಬಾಯಿ ಬಿಡುತ್ತಾರೆ. ಮರಣಪತ್ರದಲ್ಲಿ ಕಾರಣದ ಸಾಲನ್ನು ಖಾಲಿ ಬಿಡುವುದು ನಮ್ಮ ವೃತ್ತಿಯವರಿಗೆ ಎಂಥ ಸಂಕಟವೆಂದು ಬೇರೆ ಹೇಳಬೇಕಿಲ್ಲ. ಆದರೂ ಮಗನ ಎಲುಬಿಗಾಗಿ ಕಾದು ಕೂತ ತಾಯಿಯ ಎದುರು ನಿಂತರೆ ನಾವೂ ಬಹುಶಃ ಆ ಖಾಲಿ ಸಾಲಿಗೆ ಸಹಿ ಹಾಕುತ್ತಿದ್ದೆವು.

ಒಂದು ಚರಂಡಿ, ಒಂದು ಪ್ರಯೋಗಾಲಯ ಸೈಪ್ರಸ್ಸನ್ನು ಒಂದು ಮಾಡಿಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ಮಾತುಕತೆ ಮುರಿದುಬಿದ್ದಾಗ ಉತ್ತರದ ಪರವಾಗಿ ಕೂತಿದ್ದವರು ಅದೇ ಚರಂಡಿಯ ಅಕಿಂಜಿಯವರೇ. ಆದರೂ ನಮ್ಮ ಉತ್ತರ ಅಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ಒಂದು ಜನ ತನ್ನ ಭವಿಷ್ಯವನ್ನು ತಾನೇ ನಿರ್ಧರಿಸುವುದು ನಿಜವಾದ ಹಕ್ಕು. ವಸಾಹತುಗಳಲ್ಲಿ ಹುಟ್ಟಿದ ತಂದೆತಾಯಿಯರ ಮಕ್ಕಳಾದ ನಾವು ಅದನ್ನು ಅಲ್ಲಗಳೆಯಲಾರೆವು. ಆದರೆ "ನಾವು" ಎಂಬುದು ಮತಪೆಟ್ಟಿಗೆಗಿಂತ ಮುಂಚೆಯೇ ಆಗಿರಬೇಕು. ಅದು ರಕ್ತದಿಂದಾಗಲೀ ಭಾಷೆಯಿಂದಾಗಲೀ ತಾನಾಗಿ ಆಗುವುದಿಲ್ಲ. ನಮ್ಮ ನಿರ್ಧಾರದಿಂದ ಸೋಲುವವನು ಸೋತ ಮೇಲೂ ತನ್ನ ಮನೆಯಲ್ಲೇ ನಿಶ್ಚಿಂತೆಯಿಂದ ಮಲಗಬಹುದೇ? ಇದಕ್ಕೆ ಹೌದೆನ್ನಲು ಸಾಧ್ಯವಾದಷ್ಟು ದೂರ ಮಾತ್ರ ನಮ್ಮ "ನಾವು" ಹಬ್ಬಿರುತ್ತದೆ. ಅಷ್ಟರೊಳಗೆ ಬಹುಮತಕ್ಕೆ ಬೆಲೆಯಿದೆ. ಅದರಾಚೆಗೆ ಅದು ಬರೀ ತಲೆಯೆಣಿಕೆ.

ನಮ್ಮ ಮನೆಯ ಮಾತಿಗೂ ಇದು ಹೊರತಲ್ಲ. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಅದೂ ಒಂದು ವಿಲೀನವೇ. ಮೇಲೆ ಭಾರತವೆಂಬ ದೊಡ್ಡ ಸೂರು ಇದ್ದುದರಿಂದ ಗೆರೆಯ ಯಾವ ಕಡೆ ಉಳಿದವನೂ ಪರದೇಶಿಯಾಗಲಿಲ್ಲ; ಇದು ನಮ್ಮ ಭಾಗ್ಯ. ಆದರೂ ಕಾಸರಗೋಡಿನ ಮಾತು ಬಂದಾಗ "ಅಲ್ಲಿಯ ಜನರ ಇಚ್ಛೆ ಕೇಳಿ" ಎನ್ನುವ ನಾವು, ಬೆಳಗಾವಿಯ ಮಾತು ಬಂದಾಗ "ಗಡಿ ತೀರ್ಮಾನವಾಗಿದೆ" ಎನ್ನುತ್ತೇವೆ. ಎರಡು ಕಡೆಯೂ ನಮ್ಮ ವಾದ ಸರಿಯೇ ಇರಬಹುದು. ಆದರೆ ಕಾಸರಗೋಡಿನ ಕನ್ನಡಿಗನಿಗೆ ಏನು ಬೇಕೆನ್ನುತ್ತೇವೋ ಬೆಳಗಾವಿಯ ಮರಾಠಿ ನೆರೆಯವನಿಗೂ ಅದನ್ನೇ ಬಯಸುತ್ತೇವೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಸೈಪ್ರಸ್ಸಿನ ಬೆಂಕಿಗೆ ತುಪ್ಪ ಸುರಿದವರಲ್ಲಿ ಆಥೆನ್ಸ್, ಅಂಕಾರಾಗಳಲ್ಲಿ ಕೂತಿದ್ದವರು ಬಹಳ ಜನ. ಅವರು ಅಲ್ಲಿನವರನ್ನು ಪ್ರೀತಿಸುತ್ತಿದ್ದರು, ಅನುಮಾನವಿಲ್ಲ. ಆದರೆ ಆ ಪ್ರೀತಿಯ ಬೆಲೆ ತೆತ್ತವರು ಅವರಲ್ಲ. ಸಾವಿರಾರು ಮೈಲಿ ದೂರದಲ್ಲಿ ಬೆಚ್ಚಗಿನ ಮನೆಯಲ್ಲಿ ಕೂತು ತಾಯ್ನಾಡಿನ ಗಡಿ, ಭಾಷೆ, ಧರ್ಮದ ಜಗಳಗಳಲ್ಲಿ ಗಟ್ಟಿ ದನಿ ಎತ್ತುವ ನಮ್ಮಂಥವರು ಇದನ್ನು ಯೋಚಿಸಬೇಕು. ಬಸ್ಸಿಗೆ ಕಲ್ಲು ಬಿದ್ದಾಗ ಆ ಬಸ್ಸಿನಲ್ಲಿ ನಾವು ಇರುವುದಿಲ್ಲ, ನಮ್ಮ ಮಕ್ಕಳೂ ಇರುವುದಿಲ್ಲ.

ಅಂದು ಪಕ್ಕದಲ್ಲಿ ಕೂತು ಕೇಳಿದ ಹುಡುಗನೇ, ಹೆಚ್ಚು ಜನ ಹೇಳಿದ್ದು ನಡೆಯಬೇಕು, ನಿನ್ನ ಮಾತು ತಪ್ಪಲ್ಲ. ಆದರೆ ಎಣಿಸುವ ಮುಂಚೆ, ಆ ಎಣಿಕೆಯಲ್ಲಿ ಸೋಲುವವನ ಮನೆಗೆ ಒಮ್ಮೆ ಹೋಗಿ ಬಾ. ಮುಂದಿನ ಯುಗಾದಿಗೆ ಮತ್ತೆ ಪಕ್ಕದಲ್ಲಿ ಕೂರು, ನಿನ್ನ ವಾದವನ್ನೂ ಕೇಳೋಣ. ಈ ಸಲ ಒಬ್ಬಟ್ಟಿನ ಕಡೆ ತಿರುಗುವುದಿಲ್ಲ.